ಶಾಲೆಯ ಹಾಲಿನಲ್ಲಿರುವ ಬಿಳಿ ಗಂಟು ಕೆಮಿಕಲ್ ಅಲ್ಲ

ನಮ್ಮ ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಶಾಲೆಯಲ್ಲಿ ಕೊಡುವುದು ಹಾಲೇ ಅಲ್ಲ, ಕೆಮಿಕಲ್ ಪುಡಿ. ಲೋಟದ ತಳದಲ್ಲಿ ಬಿಳಿ ಗಂಟು ನೋಡಿ.' ಇದು ತಪ್ಪು.

ಅದು ಪುಡಿ ಹೌದು. ಆದರೆ ಹಾಲಿನದೇ ಪುಡಿ. 2013ರ ಆಗಸ್ಟ್ 1ರಂದು ಶುರುವಾದ, ಶಾಲೆ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಕೆಎಂಎಫ್‌ನ (ಕರ್ನಾಟಕ ಹಾಲು ಮಹಾಮಂಡಳ) ಕೆನೆಭರಿತ ಹಾಲಿನ ಪುಡಿ ಬಳಸುತ್ತಾರೆ. ಒಂದು ಮಗುವಿಗೆ 18 ಗ್ರಾಂ ಪುಡಿ, ಅದರಿಂದ 150 ಮಿಲಿ ಹಾಲು. ಲೆಕ್ಕ ಸುಲಭ: ಹಸುವಿನ ಹಾಲಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 87 ಪಾಲು ನೀರೇ. ಆ ನೀರು ಆರಿಸಿದರೆ ಉಳಿಯುವುದೇ ಈ ಪುಡಿ.

ಹಾಗಾದರೆ ಗಂಟು ಎಲ್ಲಿಂದ ಬಂತು? ಕುದಿಯುವ ನೀರಿಗೆ ಪುಡಿಯನ್ನು ಒಮ್ಮೆಲೇ ಸುರಿದರೆ ಹೊರಗಿನ ಪದರ ತಕ್ಷಣ ಅಂಟಾಗುತ್ತದೆ, ಒಳಗೆ ಒಣ ಪುಡಿ ಹಾಗೇ ಉಳಿಯುತ್ತದೆ. ಮನೆಯಲ್ಲಿ ರಾಗಿ ಅಂಬಲಿ ಮಾಡುವಾಗಲೂ ಇದೇ ಆಗುತ್ತದೆ ಅಲ್ವಾ? ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಕದಡಬೇಕು, ಆಮೇಲೆ ಕಾಯಿಸಬೇಕು. ಗಂಟೊಂದನ್ನು ಬೆರಳಲ್ಲಿ ಒಡೆದು ನೋಡಿ, ಹಾಲಿನ ವಾಸನೆಯೇ ಬರುತ್ತದೆ.

ಕೆಲವು ಮಕ್ಕಳಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದುಂಟು. ಅಂಥವರಿದ್ದರೆ ಟೀಚರಿಗೆ ಹೇಳಿ, ಒತ್ತಾಯ ಮಾಡಬೇಡಿ. ಹಾಲು ಹುಳಿ ಅಥವಾ ಸೀದ ವಾಸನೆ ಬಂದರೆ ಅದನ್ನೂ ಅಲ್ಲೇ ಕೇಳಿ. ಆದರೆ ಸುಮ್ನೆ ಆ ಮೆಸೇಜ್ ನಂಬಿ ಮಗುವಿನ ಕೈಯಿಂದ ಲೋಟ ಕಸಿಯಬೇಡಿ. ಬೆಳಿಗ್ಗೆ ಬರೀ ಚಾ ಕುಡಿದು ಶಾಲೆಗೆ ಬರುವ ಮಕ್ಕಳು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ.