ಹೈಟಿ ಇಲ್ಲದ ಹೈಟಿ

ಕೆರಿಬಿಯನ್ ಕ್ರೂಸಿಗೆ ಹೋಗಿಬಂದವರು ದೇಶಗಳನ್ನು ಎಣಿಸುವ ರೀತಿಯೇ ಬೇರೆ. ಬೆಳಿಗ್ಗೆ ಹಡಗು ನಿಂತಿತು, ಸಂಜೆ ಹೊರಟಿತು, ಊಟದ ಹೊತ್ತು ಬಿಟ್ಟು ಉಳಿದದ್ದೆಲ್ಲ ದ್ವೀಪ ಸುತ್ತಾಟ. ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದದ್ದೇ ತಡ, ಡಲ್ಲಾಸ್, ನ್ಯೂಜೆರ್ಸಿಯ ನಮ್ಮವರ ವಾಟ್ಸ್ಯಾಪ್ ಗುಂಪುಗಳಲ್ಲಿ ದೇಶಗಳು ಮೂರು ಮೂರರಂತೆ ಉದುರುತ್ತವೆ. ಅದರಲ್ಲಿ ಹೈಟಿಯೂ ಇದ್ದರೆ ಊರಿನ ಅಜ್ಜಿಯರು ಹೌಹಾರುತ್ತಿದ್ದರು: ಹೈಟಿಗಾ? ಮಕ್ಕಳನ್ನೂ ಕಟ್ಟಿಕೊಂಡು?

ಗಾಬರಿ ಬೇಡ. ಅವರು ಹೋದದ್ದು ಲಬಾಡಿಗೆ. ಹೈಟಿಯ ಉತ್ತರ ಕರಾವಳಿಯಲ್ಲಿ ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿ 1980ರ ದಶಕದಿಂದ ಗುತ್ತಿಗೆಗೆ ಹಿಡಿದಿರುವ ಜಾಗ ಅದು. ಸುತ್ತ ಬೇಲಿ, ಬೇಲಿಗೆ ಕಾವಲು. ಒಳಗೆ ಬೀಚು, ಬಾರು, ತಂತಿಗೆ ತೂಗಿಸಿ ನೀರಿನ ಮೇಲಿಂದ ಜಾರಿಸಿಕೊಂಡು ಹೋಗುವ ಜಿಪ್‌ಲೈನು. ದೇಶದ ಸಂಸ್ಕೃತಿಯನ್ನು ಅರಿಯಲು ಬೇಲಿಯೊಳಗೇ ಕರಕುಶಲ ವಸ್ತುಗಳ ಸಂತೆ. ಬೇಲಿ ದಾಟಿ ಅರಿಯುವಂತಿಲ್ಲ.

ಗುಲಾಮರೇ ದಂಗೆಯೆದ್ದು ನೆಪೋಲಿಯನ್ನನ ಸೈನ್ಯವನ್ನು ಓಡಿಸಿ 1804ರಲ್ಲಿ ಕಟ್ಟಿದ ದೇಶ ಇದು. ಆ ಅಪರಾಧಕ್ಕೆ 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕ್ ದಂಡ ಹಾಕಿತು. ಕೈತಪ್ಪಿದ ಗುಲಾಮರ ಬೆಲೆಯೂ ಅದರಲ್ಲಿ ಸೇರಿತ್ತು. ದಂಡ ಕಟ್ಟಲು ಮಾಡಿದ ಸಾಲ ಪೂರ್ತಿ ತೀರುವಷ್ಟರಲ್ಲಿ 1947 ಬಂದಿತ್ತು. ಇದೆಲ್ಲ ರಜೆಯ ಮೂಡಿಗೆ ಒಗ್ಗುವ ಕಥೆಯಲ್ಲ ನೋಡಿ. ಅದಕ್ಕೇ ಕಂಪನಿ ಹಿಂದೆಲ್ಲ ಜಾಹೀರಾತಿನಲ್ಲಿ ಹೈಟಿ ಎನ್ನದೆ 'ಹಿಸ್ಪಾನಿಯೋಲ' ಎನ್ನುತ್ತಿತ್ತು. ಇಡೀ ದ್ವೀಪಕ್ಕೆ ಕೊಲಂಬಸ್ ಇಟ್ಟ ಹೆಸರು. ಅವನ ಸಾಂತಾ ಮರಿಯಾ ಹಡಗು 1492ರ ಕ್ರಿಸ್‌ಮಸ್ ಹೊತ್ತಿಗೆ ಇದೇ ಕರಾವಳಿಯಲ್ಲಿ ನೆಲಕಚ್ಚಿತ್ತು. ಏನೇ ಅನ್ನಿ, ಆ ಮಹಾನುಭಾವ ಊರಿನವರನ್ನಾದರೂ ಮಾತಾಡಿಸಿದ್ದ.

2010ರ ಜನವರಿ 12ರಂದು ಭೂಕಂಪವಾಗಿ ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಕುಸಿಯಿತು. ಅದೇ ವಾರ ಲಬಾಡಿಗೆ ಹಡಗು ಬಂತು. ಒಂದು ಕಡೆಯಿಂದ ಅಕ್ಕಿ, ನೀರು ಇಳಿದವು. ಇನ್ನೊಂದು ಕಡೆಯಿಂದ ಈಜುಡುಪಿನವರು ಇಳಿದರು. ಇದೇನು ಅಂತ ಜಗತ್ತೆಲ್ಲ ಗದ್ದಲವೆದ್ದಾಗ, ಹಡಗು ಬಾರದಿದ್ದರೆ ನಷ್ಟ ಹೈಟಿಗೇ ಎಂಬ ಸಮರ್ಥನೆ ಬಂತು. ಬೇಲಿಯೊಳಗೆ ದುಡಿದು ಮನೆ ನಡೆಸುವ ಸ್ಥಳೀಯರು ಇರುವುದರಿಂದ ತೀರಾ ಹುರುಳಿಲ್ಲದ ವಾದವೇನೂ ಅಲ್ಲ. ಒಟ್ಟಿನಲ್ಲಿ ಕಾಕ್ಟೇಲ್ ಹೀರುವುದೂ ಪರಿಹಾರ ಕಾರ್ಯಗಳ ಪಟ್ಟಿಗೆ ಸೇರಿತು.

ಇಂಥ ಮುಜುಗರವೇ ಬೇಡವೆಂದರೆ ಬಹಾಮಾಸಿನಲ್ಲಿ ಕೊಕೊಕೇ ಇದೆ. ಮೊದಲು ಲಿಟಲ್ ಸ್ಟಿರಪ್ ಕೇ ಎಂದಿದ್ದ ಪುಟ್ಟ ದ್ವೀಪ. ಸುತ್ತಲೂ ತಿಳಿನೀಲಿ ಸಮುದ್ರ, ನಡುವೆ ಕಂಪನಿ ಕಟ್ಟಿಸಿದ ಭಾರೀ ಸಿಹಿನೀರಿನ ಈಜುಕೊಳ. 2024ರಲ್ಲಿ ಯಾನ ಶುರುಮಾಡಿದ, ಅದೇ ಕಂಪನಿಯ ಐಕಾನ್ ಆಫ್ ದಿ ಸೀಸ್ ಹಡಗಿನ ಮೇಲೆ ಏಳು ಈಜುಕೊಳಗಳಿವೆ. ಅಷ್ಟನ್ನೂ ಮುಗಿಸಿದವರು ಎಂಟನೆಯದಕ್ಕೆ ಹೋಗಲು ದೇಶ ಬಿಟ್ಟು ದೇಶಕ್ಕೆ ಸಮುದ್ರಯಾನ ಮಾಡುತ್ತಾರೆ. ಹಡಗಿನ ಕಾರ್ಡೇ ದ್ವೀಪದಲ್ಲೂ ನಡೆಯುವುದರಿಂದ ದುಡ್ಡು ದಾರಿತಪ್ಪಿ ಬಹಾಮಾಸಿನವರ ಕೈಸೇರುವ ಅಪಾಯವೂ ಕಡಿಮೆ.

2024ರ ಮಾರ್ಚಿನಲ್ಲಿ ಹೈಟಿಯಲ್ಲಿ ಬಂದೂಕಿನ ಗ್ಯಾಂಗುಗಳ ಹಾವಳಿ ಮಿತಿಮೀರಿ ಕಂಪನಿ ಲಬಾಡಿ ನಿಲುಗಡೆಯನ್ನು ಕೈಬಿಟ್ಟಿತು. ಅಂಥದೊಂದು ದೇಶ ಇದೆಯೆಂದು ಎಷ್ಟೋ ಪ್ರಯಾಣಿಕರಿಗೆ ಗೊತ್ತಾದದ್ದು ಆಗಲೇ ಇರಬೇಕು, ಅದೂ ವೇಳಾಪಟ್ಟಿಯ ತಿದ್ದುಪಡಿಯ ರೂಪದಲ್ಲಿ. ಜಿಪ್‌ಲೈನಿಗೆ ಮುಂಗಡ ಕಟ್ಟಿದವರ ದುಡ್ಡು ವಾಪಸ್ ಬರುತ್ತದಾ? ಬರುತ್ತದೆ, ಚಿಂತಿಸಬೇಡಿ. ಹೈಟಿ ಫ್ರಾನ್ಸಿಗೆ ಕಟ್ಟಿದ್ದು ಮಾತ್ರ ಇನ್ನೂ ಬಂದಿಲ್ಲ.