ಬೀದಿಗೊಬ್ಬ ಸಿಐಡಿ

ಕನ್ನಡದಲ್ಲಿ ‘ಪತ್ತೇದಾರ’ ಎಂಬ ಮಾತು ಬಹುಮಟ್ಟಿಗೆ ಪುಸ್ತಕಗಳಲ್ಲೇ ಉಳಿದುಬಿಟ್ಟಿದೆ. ಎನ್. ನರಸಿಂಹಯ್ಯನವರ ಪುರುಷೋತ್ತಮ, ಅರಿಂಜಯರಂಥವರಿಗೆ ಸಲ್ಲುವ ಆ ಗೌರವ, ಅದೇ ಕೆಲಸವನ್ನು ಬೀದಿಯಲ್ಲಿ ಸಂಬಳವಿಲ್ಲದೆ ಮಾಡುವವರಿಗೆ ದಕ್ಕುವುದಿಲ್ಲ; ಅವರಿಗೆ ನಾವು ಕೊಡುವ ಬಿರುದು ‘ಸಿಐಡಿ’. 1902ರ ಪೊಲೀಸ್ ಆಯೋಗದ ಶಿಫಾರಸಿನಂತೆ ಬ್ರಿಟಿಷರು ಪ್ರಾಂತ್ಯಗಳಲ್ಲಿ ತೆರೆದ ಇಲಾಖೆಯ ಹೆಸರು, 1968ರಲ್ಲಿ ರಾಜಕುಮಾರ್ ತೆರೆಯ ಮೇಲೆ ಸಿಐಡಿ 999 ಆಗುವ ಹೊತ್ತಿಗೆ ಮನೆಮಾತಾಗಿತ್ತು. ಈಗ ‘ದೊಡ್ಡ ಸಿಐಡಿ ಬಂದುಬಿಟ್ಟ’ ಎಂದರೆ ಹೊಗಳಿಕೆಯಂತೂ ಅಲ್ಲ. ಕಳೆದದ್ದನ್ನು ಹುಡುಕಿಕೊಡುವವನು ಎಂಬ ಅರ್ಥ ಸವೆದುಹೋಗಿ, ಕೇಳಬಾರದ್ದನ್ನು ಕೇಳುವವನು ಎಂಬುದಷ್ಟೇ ಉಳಿದಿದೆ.

ನಮ್ಮ ಬೀದಿಯ ಸಿಐಡಿ ಎದುರುಮನೆಯ ನಿವೃತ್ತ ಮೇಷ್ಟರು. ನಮ್ಮ ಗೇಟಿನ ಚೀಲದಿಂದ ಹಾಲಿನ ಪ್ಯಾಕೆಟ್ ಮಾಯವಾಗತೊಡಗಿದಾಗ, ಯಾರೂ ಕೇಳಿಕೊಳ್ಳದೆಯೇ ಅವರು ತನಿಖೆಯನ್ನು ಕೈಗೆತ್ತಿಕೊಂಡರು. ಕಳ್ಳನ ಹೆಜ್ಜೆ ಮೂಡಲೆಂದು ರಾತ್ರಿ ಗೇಟಿನ ಸುತ್ತ ರಂಗೋಲಿ ಪುಡಿ ಚೆಲ್ಲಿಸಿದರು. ಬೆಳಗಾಗುವಷ್ಟರಲ್ಲಿ ಪೇಪರ್ ಹುಡುಗ, ಹೂವಿನವಳು, ಎರಡು ನಾಯಿಗಳು ಹಾಗೂ ಸ್ವತಃ ಮೇಷ್ಟರು ಅದನ್ನು ತುಳಿದಾಗಿತ್ತು. ಸಂಶಯ ಪೇಪರ್ ಹುಡುಗನ ಮೇಲೆ ಬಿತ್ತು. ಅವನು ನೊಂದುಕೊಂಡು ನಮ್ಮ ಬೀದಿಯನ್ನೇ ಬಿಟ್ಟದ್ದರಿಂದ, ಹಾಲಿನ ಜೊತೆಗೆ ಪತ್ರಿಕೆಯೂ ನಿಂತಿತು.

ಕೌಟಿಲ್ಯನ ಅರ್ಥಶಾಸ್ತ್ರವು ಗೃಹಸ್ಥನ ವೇಷದ ಗೂಢಚಾರನನ್ನು ‘ಗೃಹಪತಿಕ’ ಎನ್ನುತ್ತದೆ. ಮೇಷ್ಟರಿಗಾದರೋ ವೇಷ ಹಾಕುವ ಖರ್ಚೂ ಇರಲಿಲ್ಲ. ಬನಿಯನ್, ಪಂಚೆ, ಕೈಯಲ್ಲೊಂದು ಕಾಫಿ ಲೋಟ ಸಾಕಾಗಿದ್ದವು. ಅವರ ಶ್ರಮ ವ್ಯರ್ಥವಾಯಿತೆಂದು ಹೇಳಿದರೆ ಅನ್ಯಾಯವಾದೀತು. ಯಾರ ಮಗ ರಾತ್ರಿ ಎಷ್ಟು ಗಂಟೆಗೆ ಮನೆ ಸೇರುತ್ತಾನೆ, ಯಾರ ಬಾಡಿಗೆದಾರರು ಮುಂಗಡ ವಾಪಸು ಕೇಳುತ್ತಿದ್ದಾರೆ ಎಂಬುದೆಲ್ಲ ಬಯಲಿಗೆ ಬಂತು. ಮೂಲೆಮನೆಯ ಕಟ್ಟಾ ವ್ರತನಿಷ್ಠರಿಗೆ ಏಕಾದಶಿಯಂದು ಈರುಳ್ಳಿ ದೋಸೆಯ ಪಾರ್ಸೆಲ್ ಬಂದದ್ದೂ ತಿಳಿಯಿತು. ಅದು ಬೀದಿಗೆಲ್ಲ ತಿಳಿದದ್ದು ನಮ್ಮ ಹಾಲಿನ ದೆಸೆಯಿಂದ ಎಂದು ಆ ಮನೆಯವರು ನಮ್ಮೊಡನೆ ಮಾತು ಬಿಟ್ಟರು. ಹಾಲು ಎಲ್ಲಿಗೆ ಹೋಗುತ್ತಿತ್ತೆಂಬುದು ಮಾತ್ರ ಪತ್ತೆಯಾಗಲಿಲ್ಲ.

ಕಡೆಗೆ ನಾನೇ ನಸುಕಿನಲ್ಲೆದ್ದು ಬೂತಿಗೆ ಹೋಗಿ ಹಾಲು ತರತೊಡಗಿದೆ. ಮೊನ್ನೆ ಮೇಷ್ಟರು ನನ್ನ ಹೆಂಡತಿಯನ್ನು ಗೇಟಿನ ಬಳಿ ಕರೆದು, ದನಿ ತಗ್ಗಿಸಿ, ‘ನಿಮ್ಮ ಯಜಮಾನರು ದಿನವೂ ಕತ್ತಲಿರುವಾಗಲೇ ಚೀಲ ಹಿಡಿದು ಎಲ್ಲಿಗೋ ಹೋಗುತ್ತಾರಲ್ಲ, ನಿಮಗೆ ಗೊತ್ತಿದೆಯೇ?’ ಎಂದು ವಿಚಾರಿಸಿದರಂತೆ.