‘ಎಂಡಿ’ ಸಾಹೇಬರ ತಾರ್ಕಿಕ ವ್ಯತ್ಯಾಸ

ಪಶ್ಚಿಮ ಬಂಗಾಳದಲ್ಲಿ ಮತದಾರರ ಪಟ್ಟಿಯನ್ನು ಪರಿಷ್ಕರಿಸುವಾಗ ಚುನಾವಣಾ ಆಯೋಗಕ್ಕೆ ‘ತಾರ್ಕಿಕ ವ್ಯತ್ಯಾಸ’ವೆಂಬ ಘನವಾದ ದೋಷ ಪತ್ತೆಯಾದದ್ದು ತಮಗೆ ತಿಳಿದೇ ಇದೆ. 2002ರ ಪಟ್ಟಿಯಲ್ಲಿ ‘ಮಹಮ್ಮದ್’ ಆಗಿದ್ದ ತಂದೆ ಈಗಿನ ದಾಖಲೆಯಲ್ಲಿ ಅದೇ ಹೆಸರಿನ ಮೊಟಕು ರೂಪವಾದ ‘ಎಂಡಿ’ ಆಗಿದ್ದರೆ, ಹಾಗಾದರೆ ನೀನು ಯಾರ ಮಗನೆಂದು ನೋಟಿಸು ಕಳುಹಿಸಿ ವಿಚಾರಿಸುವುದು ತರ್ಕಶಾಸ್ತ್ರಕ್ಕೆ ನಮ್ಮ ಕಾಲದ ಕೊಡುಗೆ. ಗೌತಮ ಮುನಿಗಳ ನ್ಯಾಯಸೂತ್ರಕ್ಕೂ ಹೊಳೆಯದ ಸಂಗತಿಯಿದು.

ಅರಬಿಯಲ್ಲಿ ಈ ಹೆಸರಿಗೆ ನಾಲ್ಕೇ ಅಕ್ಷರ: ಮೀಮ್, ಹಾ, ಮೀಮ್, ದಾಲ್. ಹ್ರಸ್ವ ಸ್ವರಗಳನ್ನು ಅಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಎರಡನೆಯ ಮಕಾರದ ಒತ್ತನ್ನೂ ಓದುವವನೇ ಹಾಕಿಕೊಳ್ಳುತ್ತಾನೆ. ಅಲ್ಲಿಂದ ಹೊರಟ ಹೆಸರು ತುರ್ಕಿಯಲ್ಲಿ ಮೆಹ್ಮೆತ್, ಸೆನೆಗಲ್‌ನಲ್ಲಿ ಮಮಾದು, ಕೇರಳದಲ್ಲಿ ಮಮ್ಮದ್ ಆಗಿ ಸುಖವಾಗಿಯೇ ಇತ್ತು. ಇಂಗ್ಲಿಷಿಗೆ ಇಳಿಸುವಾಗ ‘ಯು’ ಹಾಕಬೇಕೋ ‘ಓ’ ಹಾಕಬೇಕೋ, ನಡುವೆ ಒಂದು ‘ಎಂ’ ಸಾಕೋ ಎರಡು ಬೇಕೋ ಎಂಬುದು ಗುಮಾಸ್ತರ ಆ ದಿನದ ಉಮೇದಿಗೆ ಬಿಟ್ಟ ವಿಷಯವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರುಗಳಲ್ಲಿ ‘ಯು’ ಇರುವ ಮುಹಮ್ಮದ್‌ಗೆ ಮೊದಲ ಸ್ಥಾನ ಸಿಕ್ಕಿತು. ‘ಓ’ ಇರುವವರನ್ನು ಬೇರೆ ಸಾಲಿನಲ್ಲಿ ಎಣಿಸಿದರು. ಎಣಿಸಿದರು ಅಷ್ಟೇ, ಅಪ್ಪನನ್ನು ರುಜುವಾತುಪಡಿಸೆಂದು ಕೇಳಲಿಲ್ಲ.

‘ಎಂಡಿ’ಯ ಮಹಿಮೆಯೇ ಬೇರೆ. ಅರ್ಜಿಯ ಚೌಕಗಳು ಸಾಲದೆಂದು ಮೊಟಕಾದ ಈ ಎರಡಕ್ಷರ ಪಾಸ್‌ಪೋರ್ಟಿನಲ್ಲಿ ಮೊದಲ ಹೆಸರಾಗಿ ಕುಳಿತರೆ, ಗಾರೆ ಕೆಲಸಕ್ಕೆ ಹೊರಟವನೂ ವಿದೇಶದ ಕೌಂಟರಿನಲ್ಲಿ ‘ಮಿಸ್ಟರ್ ಎಂಡಿ’. ವೈದ್ಯಕೀಯ ಪದವಿಯೋ, ಕಂಪನಿಯ ಆಡಳಿತ ನಿರ್ದೇಶಕನ ಹುದ್ದೆಯೋ, ಕೇಳುವವರ ಭಾಗ್ಯ. ಸರ್ಕಾರ ಶುಲ್ಕವಿಲ್ಲದೆ ದಯಪಾಲಿಸುವ ಬಡ್ತಿ ಇದೊಂದೇ ಇರಬೇಕು.

ನಮ್ಮಲ್ಲೂ ಪ್ಯಾನಿಗೆ ಆಧಾರ್ ಜೋಡಿಸಹೋದವರಿಗೆ ಈ ಸುಖ ಗೊತ್ತು. ಆಧಾರಿನಲ್ಲಿ ಹೆಸರು ತಿದ್ದಿಕೊಳ್ಳಲು ಜೀವಮಾನದಲ್ಲಿ ಎರಡೇ ಅವಕಾಶ. ತಪ್ಪು ಬರೆಯುವುದಕ್ಕೆ ಮಾತ್ರ ಅಂಥ ಮಿತಿಯೇನೂ ಇಲ್ಲ. ನೋಟರಿಯ ಮುಂದೆ ‘ಉರುಫ್’ ಎಂದು ಬರೆಸಿ, ತಾನು ತಾನೇ ಎಂದು ಪ್ರಮಾಣ ಮಾಡಿದರೂ ಕಿಟಕಿಯಾಚೆಯವರಿಗೆ ಸಮಾಧಾನವಿಲ್ಲ. ‘ಎಸ್’ ಮುಂದೆ ‘ಎಚ್’ ಬಿಟ್ಟುಹೋದ ಶ್ರೀನಿವಾಸರೂ, ‘ಎಕ್ಸ್’ ಸೇರಿಕೊಂಡ ಲಕ್ಷ್ಮಿಯರೂ ಇದೇ ಸರದಿಯಲ್ಲಿದ್ದಾರೆ, ನಿಜ. ಆದರೆ ಅವರು ಯಾವ ದೇಶದವರೆಂದು ಯಾರೂ ಕೇಳುವುದಿಲ್ಲ.

‘ಬಹಳವಾಗಿ ಹೊಗಳಲ್ಪಟ್ಟವನು’ ಎಂಬುದು ಈ ಹೆಸರಿನ ಅರ್ಥ. ಅದನ್ನು ಹೊತ್ತ ಮುದುಕ ಒಂದು ದಿನದ ಕೂಲಿ ಬಿಟ್ಟು, ಜೆರಾಕ್ಸ್ ಕಟ್ಟು ಹಿಡಿದು, ಸತ್ತ ತಂದೆ ತನ್ನ ತಂದೆಯೇ ಹೌದೆಂದು ಪರರ ಮುಂದೆ ಗೋಗರೆಯಬೇಕು. ಇದರಲ್ಲಿ ತಮಾಷೆ ಏನೂ ಉಳಿದಿಲ್ಲ. ಆ ಹೆಸರನ್ನು ತಪ್ಪಾಗಿ ಟೈಪು ಮಾಡಿದವನಿಗೆ ನೋಟಿಸು ಹೋದದ್ದನ್ನು ನಾನಂತೂ ಕೇಳಿಲ್ಲ.